ಕಲಿಸದ ನಾಲ್ಕನೇ ಘಟಕ

ಮಾರ್ಚ್ ೧೪, ಗುರುವಾರ

ಕಾಲೇಜಿನ ಗುಣಮಟ್ಟ ಅಳೆಯಲು ಬರುವ ಮೌಲ್ಯಮಾಪನ ಸಮಿತಿಗೆ ಕೊಡಬೇಕಾದ ವರದಿ ಅಂತೂ ಮುಗಿಯಿತು. ಕಣ್ಣು ಉರಿಯುತ್ತಿದೆ. ನಾಲ್ಕನೇ ಘಟಕದಲ್ಲಿ ವಿದ್ಯಾರ್ಥಿಗಳ ಕಲಿಕೆ ಶೇಕಡಾ ಎಂಬತ್ತೆರಡು ಎಂದು ನಾನೇ ತುಂಬಿದೆ. ಆ ಘಟಕವನ್ನು ನಾನು ಪಾಠ ಮಾಡಿಯೇ ಇಲ್ಲ. ಮಾಡಬೇಕಿದ್ದ ಎರಡು ವಾರವೂ ಇದೇ ವರದಿಯ ಕೋಷ್ಟಕ ತುಂಬುತ್ತ ಕೂತಿದ್ದೆ.

ತಮಾಷೆಯೆಂದರೆ, ಅಭಿಪ್ರಾಯ ಪತ್ರದಲ್ಲಿ ಮಕ್ಕಳೂ ಆ ಘಟಕಕ್ಕೆ ‘ಅತ್ಯುತ್ತಮ’ ಎಂದೇ ಗುರುತು ಹಾಕಿದ್ದಾರೆ. ಓದುವ ಗೋಜಿಗೇ ಹೋಗದೆ ಮೇಲಿಂದ ಕೆಳಗೆ ಒಂದೇ ಗೆರೆ. ಒಂದು ಹಾಳೆಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದಿತ್ತು: ‘ಇದನ್ನ ನೀವು ಮಾಡ್ಲೇ ಇಲ್ಲ ಮೇಡಂ. ನಾನು ಕಾಯ್ತಾ ಇದ್ದೆ.’

ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. “ಅಯ್ಯೋ, ಒಂದು ಹಾಳೆಗೆ ಯಾಕ್ರೀ ತಲೆ ಕೆಡಿಸ್ಕೋತೀರಿ? ತೆಗೆದಿಟ್ಬಿಡಿ” ಎಂದರು. ಕಟ್ಟಿನಿಂದ ತೆಗೆದಿಟ್ಟೆ.

ಹಾಳೆ ನನ್ನ ಚೀಲದಲ್ಲಿದೆ. ಅದರಲ್ಲಿ ಹೆಸರಿಲ್ಲ. ಹೆಸರು ಬರೆಯಬೇಡಿ, ಧೈರ್ಯವಾಗಿ ನಿಜ ಹೇಳಿ ಎಂದವಳೂ ನಾನೇ.

ನಾಳೆ ಕೊನೆಯ ತರಗತಿ. ಹಾಜರಿ ಕೂಗಿದಾಗ ನಲವತ್ತು ಜನರೂ ‘ಪ್ರೆಸೆಂಟ್ ಮೇಡಂ’ ಅನ್ನುತ್ತಾರೆ. ಅವರಲ್ಲಿ ಒಬ್ಬರು ಇನ್ನೂ ಕಾಯುತ್ತಿರುತ್ತಾರೆ.