ಕತ್ತಿಗೆ ಹಾಕಿದ ಹಾರ

ನಾಣಿ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಇವತ್ತು ಬೆಳಿಗ್ಗೆ ನಡೆದದ್ದನ್ನು ನಿನಗೇ ಹೇಳಬೇಕು ಅನಿಸುತ್ತಿದೆ.

ಪೀಣ್ಯದಲ್ಲಿ, ಫೋರ್‌ಮನ್ ಆದ ಅಪ್ಪನಿಗೆ ಫ್ಯಾಕ್ಟರಿಯವರು ಕೊಟ್ಟ ಮನೆಯ ಮುಂದೆಯೇ ಚಪ್ಪರ ಹಾಕಿದ್ದರು. ನನ್ನ ಮದುವೆಗೆ ವರ ಬರಲಿಲ್ಲ. ಆ ಅರಸು ಮನೆತನದವರು ತಮಗಿಂತ ಕೆಳಗಿನ ಮನೆಯ ಹೆಣ್ಣು ತರುವಾಗ ವರನ ಬದಲು ಅವನ ಕತ್ತಿಯನ್ನು ಕಳಿಸುತ್ತಾರಂತೆ. ಅದಕ್ಕೆ ರೇಷ್ಮೆ ಪಂಚೆ ಸುತ್ತಿ ನನ್ನೆದುರು ಮಣೆಯ ಮೇಲೆ ನಿಲ್ಲಿಸಿದ್ದರು.

"ಏನ್ರೀ ಶ್ಯಾಮಣ್ಣನೋರೇ, ಅಳಿಯ ಊಟಕ್ಕಾದ್ರೂ ಬರ್ತಾನಾ, ಇಲ್ಲಾ ಕತ್ತಿಗೇ ಬಡಿಸ್ಬೇಕಾ?" ಎಂದು ಪಕ್ಕದ ಮನೆಯ ಅಶ್ವತ್ಥಮ್ಮ ಅಪ್ಪನನ್ನು ಕೇಳಿದರು.

"ಸುಮ್ನಿರೀಮ್ಮ. ಸರ್ಕಾರ ಕೊಡ್ತಿದ್ದ ರಾಜಧನ ನಿಂತ್ರೂ ಅರಸರು ಅರಸರೇ."

ಮುಹೂರ್ತ ಮುಗಿಯುವವರೆಗೂ ನಾಗಸಂದ್ರದ ಬಸ್ ಸ್ಟಾಪಿನಲ್ಲಿ ಕಾಯುತ್ತೇನೆ ಎಂದಿದ್ದೆಯಲ್ಲ, ನನಗೆ ಅದೇ ಯೋಚನೆ. ನಾನು ಹಾಕಿದ ಹಾರದ ಭಾರಕ್ಕೆ ಕತ್ತಿ ವಾಲಿ ಠಣ್ಣೆಂದು ನೆಲಕ್ಕೆ ಬಿತ್ತು. ವಾದ್ಯ ನಿಂತಿತು.

"ಹುಡುಗಿ ಮನಸ್ಸಲ್ಲಿ ಏನಿದೆ ಕೇಳ್ಬಿಡಿ," ಎಂದರು ಕತ್ತಿಯ ಜೊತೆ ಬಂದಿದ್ದ ಮುದುಕರು. "ಬೇಡ ಅಂದ್ರೆ ಹೀಗೇ ವಾಪಸ್ ತಗೊಂಡ್ಹೋಗ್ತೀವಿ."

ಎಲ್ಲರೂ ನನ್ನನ್ನೇ ನೋಡಿದರು. ಬೇಡ ಅಂದಿದ್ದರೆ ಸಾಕಿತ್ತು. ಅಪ್ಪನ ಬೆರಳ ಸಂದಿಯಿಂದ ಅಕ್ಷತೆ ಉದುರುತ್ತಿತ್ತು.

ಕತ್ತಿ ಎತ್ತಲು ಯಾರೂ ಮುಂದೆ ಬರಲಿಲ್ಲ. ನಾನೇ ಬಗ್ಗಿ ಎತ್ತಿ ನೆಟ್ಟಗೆ ನಿಲ್ಲಿಸಿದೆ. ವರನ ಕಡೆಯ ಹೆಂಗಸೊಬ್ಬರು ನನಗೆ ತಾಳಿ ಕಟ್ಟಿ ಮುಗಿಸುವವರೆಗೂ, ಮತ್ತೆ ಬೀಳದ ಹಾಗೆ ಕತ್ತಿಯನ್ನು ಹಿಡಿದುಕೊಂಡೇ ಕೂತಿದ್ದೆ.

ಪ್ರಭಾ