ಹಲಗೆಯ ಮೇಲಿನ ಶಿಲುಬೆ

೧೪ ಡಿಸೆಂಬರ್ ೨೦೨೪, ಶನಿವಾರ. ಕೂಡ್ಲಿಗಿ

ನನಗೆ ಕಲಿಸಿದ ಫ್ಲೋರಾ ಟೀಚರ್ ತೀರಿಕೊಂಡು ತಿಂಗಳಾಯಿತು. ಅವರ ನೆನಪಿನ ಸಭೆ ಇವತ್ತು, ಅವರು ಕಲಿಸಿದ, ಈಗ ನಾನು ಕಲಿಸುತ್ತಿರುವ ಶಾಲೆಯಲ್ಲಿ. ಅದೂ ಶನಿವಾರ. ಬದುಕಿದ್ದಾಗ ಅವರು ಒಂದು ಶನಿವಾರವೂ ಶಾಲೆಗೆ ಬಂದವರಲ್ಲ.

ಹಲಗೆಯ ಮೇಲೆ ಅವರ ಹೆಸರು, ಪಕ್ಕದಲ್ಲಿ ಬಣ್ಣದ ಸೀಮೆಸುಣ್ಣದ ದೊಡ್ಡ ಶಿಲುಬೆ. ಹೆಡ್‌ಮಾಸ್ತರು ಪಂಚಾಕ್ಷರಪ್ಪನವರು ಮುಂದೆ ನಿಂತು ಬರೆಸಿದ್ದು. ಊರೆಲ್ಲ ಟೀಚರನ್ನು ಕ್ರಿಶ್ಚಿಯನ್ ಎಂದೇ ತಿಳಿದಿತ್ತು. ಅವರು ಯೆಹೂದಿ; ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಅವರಿಗೆ ಕೆಲಸ ಮಾಡಬಾರದ ಪವಿತ್ರ ದಿನ. ಒಂದು ಶುಕ್ರವಾರ ಸಂಜೆ ಮನೆಯಲ್ಲಿ ದೀಪ ಹಚ್ಚುತ್ತ ನನಗೆ ಹೇಳಿದ್ದರು: "ನಮ್ಮ ಮಂದಿ ಮುಂಬೈ ಕಡೆ ಅದಾರ, ಜರೀನಾ. ಇಲ್ಲಿ ನಾ ಒಬ್ಬಾಕೀನ."

ದಿನಾ ಬೇಕೆಂದೇ ಹಲಗೆಯ ಮೇಲೆ ಒಂದು ತಪ್ಪು ಬರೆಯುತ್ತಿದ್ದರು. ಕಂಡುಹಿಡಿದವಳು ಎದ್ದು ಬಂದು ಡಸ್ಟರಿನಿಂದ ಅಳಿಸಬೇಕು. "ಯಾರು ಬರದಾರ ಅಂತ ನೋಡಬ್ಯಾಡ್ರಿ, ಏನು ಬರದಾರ ನೋಡ್ರಿ." ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳಲ್ಲಿ ಟೀಚರ್ ಆಗಿರುವ ಅವರ ಹುಡುಗಿಯರೆಲ್ಲ ಇವತ್ತಿಗೂ ಹಾಗೇ ಕಲಿಸುತ್ತೇವೆ. ಸಭೆಯಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಥೂ.

ಸಭೆ ಶುರುವಾಗುವ ಮೊದಲೇ ನನ್ನ ಜೊತೆ ಓದಿದ ಉಚ್ಚಂಗೆಮ್ಮ ಕಿವಿಯಲ್ಲಿ ಕೇಳಿದ್ದಳು: "ಲೇ, ಟೀಚರ್ ಕೊರಳಾಗ ಶಿಲುಬಿ ನಾ ನೋಡೇ ಇಲ್ಲ. ಇದು ಖರೇ ಏನು?"

"ಸುಮ್ನಿರು. ಸರ್ ಬ್ಯಾಸರ ಮಾಡ್ಕೋತಾರ," ಅಂದೆ.

ಡಸ್ಟರ್ ಇರಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಆಗ ಅದು ನನ್ನ ಕೈಯಲ್ಲೇ ಇತ್ತು. ಅದರಿಂದ ನನ್ನ ಕುರ್ಚಿಯ ಧೂಳು ಒರೆಸಿಕೊಂಡು, ಕುಳಿತೆ.