ಗೋಡೆಯಿಂದ ಇಳಿದ ಮೊರ

ಆಗಸ್ಟ್ 24, ಭಾನುವಾರ. ಹಾಸನ.

ಬೆಳಗಿನ ಮುನಿಸು ಈಗ ಚೂರೂ ಉಳಿದಿಲ್ಲ. ಗೌರಿ ಹಬ್ಬಕ್ಕೆ ಬಾಗಿನದ ಮೊರ ಕೊಡಲು ಸಾಲಗಾಮೆಯಿಂದ ಚಿಕ್ಕತಾಯಮ್ಮ ಬಂದಿದ್ದರು. ಹೋದ ತಿಂಗಳು ಅವರು ಬಿದಿರು ಹೆಣೆಯುವುದನ್ನು ಕಂಡು ಮರುಳಾಗಿ, ಅವರಿಂದಲೇ ಒಂದು ದೊಡ್ಡ ಮೊರ ತಂದು ಟೀವಿ ಪಕ್ಕದ ಗೋಡೆಗೆ ಅಂದಕ್ಕೆಂದು ನೇತುಹಾಕಿದ್ದೆ. ಇವತ್ತು ಅದನ್ನು ಕಂಡವರೇ ಒಂದು ಮಾತೂ ಕೇಳದೆ ಇಳಿಸಿಬಿಟ್ಟರು!

“ನೇತಾಕಕ್ಕಲ್ಲ ಕಣವ್ವ, ಕೇರಕ್ಕೆ ಎಣ್ದಿದ್ದು.”

ಸಂದು ಮುಚ್ಚಲೆಂದು ಮೆಂತ್ಯದ ಹಿಟ್ಟು ಬಳಿದು ಬಿಸಿಲಿಗಿಟ್ಟು ಹೋದರು. ಸಂಜೆ ಮತ್ತೆ ಬಂದು, ನನ್ನ ಕೈ ಹಿಡಿದು ಅಕ್ಕಿ ಕೇರಿಸಿದರು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು, ಇಬ್ಬರಿಗೂ ನಗು.

“ಇಷ್ಟು ಚೆನ್ನಾಗಿರೋದು ಸವೆದೋಗುತ್ತಲ್ಲಮ್ಮ” ಎಂದೆ.

“ಸವೀಲಿ ಬುಡವ್ವ. ಆಗ್ ತಾನೆ ನಾನ್ ತಿರ್ಗಾ ಬರಾದು?”

ಗೋಡೆಯಲ್ಲಿ ಬರೀ ಮೊಳೆ ಉಳಿದಿದೆ. ಇರಲಿ. ನಾಳೆ ಹೆಸರುಕಾಳನ್ನೂ ಕೇರುತ್ತೇನೆ. ಬೇಗ ಸವೆಯಲಿ.